ಮೈಲುತುತ್ತೂ ನನ್ನ ಸೀಟೂ

ನಮ್ಮ ಮನೆಯಲ್ಲಿ ಗೆರಟೆಯನ್ನು ಕೇಳದೆ ಒಲೆಗೆ ಹಾಕುವ ಹಾಗಿಲ್ಲ. ತೆಂಗಿನಕಾಯಿ ತುರಿದ ಮೇಲೆ ಕಣ್ಣಿರುವ ಅರ್ಧ ಬಚ್ಚಲಿನ ಒಲೆಗೆ, ಕಣ್ಣಿಲ್ಲದ ಅರ್ಧ ಬೈಕಿಗೆ. ಇದು ಇವರು ಮಾಡಿದ ಕಾನೂನು. ಇವರು ಎಂದರೆ ನನ್ನ ಗಂಡ. ಬೈಕ್ ಬಿಚ್ಚಲು ಕೂತರೆಂದರೆ ತೆಗೆದ ಬೋಲ್ಟು, ವಾಷರು, ಕ್ಲಿಪ್ಪುಗಳನ್ನೆಲ್ಲ ಗೆರಟೆಗಳಲ್ಲಿ ಹಾಕಿ, ತೆಗೆದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತಾರೆ. ಜೋಡಿಸುವಾಗ ಬಲದಿಂದ ಎಡಕ್ಕೆ ಬರುತ್ತಾರೆ. ಎಡಗೊನೆಯ ಗೆರಟೆ ಖಾಲಿಯಾದಾಗ ಬೈಕ್ ಪೂರ್ತಿಯಾಗಿರಬೇಕು, ಕೈಯಲ್ಲಿ ಏನೂ ಉಳಿದಿರಬಾರದು. ಒಮ್ಮೆ ಅತ್ತೆ ಅಂಗಳ ಗುಡಿಸುವಾಗ ಹಿಡಿಸೂಡಿಗೆ ಅಡ್ಡ ಬಂತೆಂದು ಅಷ್ಟನ್ನೂ ಒಂದೇ ಗೆರಟೆಗೆ ಸುರಿದು, ಉಳಿದವನ್ನು ಬಚ್ಚಲಿಗೆ ಕೊಂಡುಹೋದರು. ಇವರು ಅಮ್ಮನಿಗೆ ಒಂದು ಮಾತೂ ಆಡಲಿಲ್ಲ. ಆ ಗೆರಟೆಯನ್ನು ಎದುರಿಗಿಟ್ಟುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಸಂಜೆಯವರೆಗೆ ಬೋಲ್ಟು ಆರಿಸಿದರು. ನಾನಾಗಿದ್ದರೆ ವೇಣೂರು ಪೇಟೆಗೆ ಕೇಳುವಷ್ಟು ಕೂಗುತ್ತಿದ್ದೆ.

ನಮ್ಮಿಬ್ಬರ ನಡುವಿನ ವ್ಯತ್ಯಾಸ ಇಷ್ಟೇ. ನನಗೆ ಕೋಪ ಮೂಗಿನ ತುದಿಯಲ್ಲಿ. ಇವರಿಗೆ ಅದು ಎಲ್ಲಿದೆಯೋ ಮದುವೆಯಾಗಿ ಇಷ್ಟು ಕಾಲವಾದರೂ ನನಗೆ ಪತ್ತೆಯಾಗಿಲ್ಲ. ಸಿಟ್ಟಿನಲ್ಲಿ ಆಡಿದ ಮಾತನ್ನು ನಾನು ಕೈ ತೊಳೆಯುವಷ್ಟರಲ್ಲಿ ಮರೆಯುತ್ತೇನೆ. ಇವರು ಅದನ್ನು ಆಡಿದ ಹಾಗೆಯೇ ನಂಬುತ್ತಾರೆ. ಒಂದು ಮಧ್ಯಾಹ್ನ ಊಟಕ್ಕೆ ಕೂತವಳು, "ದಿನಾ ತೊಂಡೆಕಾಯಿ ತಿಂದು ಸಾಕಾಗಿದೆ, ಆ ಚಪ್ಪರ ಕಿತ್ತು ಬಿಸಾಡಿ" ಎಂದಿದ್ದೆ. ಮರುದಿನ ಶಾಲೆಯಿಂದ ಬಂದು ನೋಡಿದರೆ ಚಪ್ಪರವಿದ್ದ ಜಾಗದಲ್ಲಿ ಆಕಾಶ ಕಾಣುತ್ತಿತ್ತು. ನನಗೆ ತೊಂಡೆಕಾಯಿ ಪಲ್ಯವೆಂದರೆ ಪ್ರಾಣ. ಹೇಳಲು ಬಾಯಿ ಬರಲಿಲ್ಲ. ಆ ವರ್ಷವಿಡೀ ಸಂತೆಯಿಂದ ತಂದು ತಿಂದೆ.

ಇನ್ನು ಬೈಕಿನ ವಿಷಯ. ಅದು ಪೇಟೆಯಲ್ಲಿ ಸುಯ್ಯೆಂದು ಹೋಗುವಂಥದ್ದಲ್ಲ. ದೂರದ ಹಾದಿಗೆ, ಕೆಟ್ಟ ಹಾದಿಗೆಂದು ಮಾಡಿದ್ದು. ಒಂದೇ ಸಿಲಿಂಡರು, ಎದುರಿಗೆ ದೊಡ್ಡ ಚಕ್ರ, ಎತ್ತರದ ಸೀಟು, ಹಿಂದೆ ಸಾಮಾನು ಕಟ್ಟಲು ಕಬ್ಬಿಣದ ಕ್ಯಾರಿಯರು. ಐವತ್ತು ದಾಟಿದ ಮೇಲೆ ಇವರಿಗೆ ಇದರ ಹುಚ್ಚು ಹಿಡಿಯಿತು. ತೋಟದ ದಾರಿ ಸರಿಯಿಲ್ಲ, ಇಂಥದ್ದೇ ಬೇಕಾಗುತ್ತದೆ ಎಂದು ಕಾರಣ ಕೊಟ್ಟರು. ನಮ್ಮ ತೋಟ ಮನೆಯಿಂದ ಕೂಗಿದರೆ ಓಗೊಡುವಷ್ಟು ದೂರ. ನಾನು ವಾಮದಪದವಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಇವರು ಮೊದಲ ಬಾರಿ ಆ ಗಾಡಿಯಲ್ಲಿ ನನ್ನನ್ನು ಶಾಲೆಗೆ ಬಿಟ್ಟ ದಿನ ಟೀಚರುಗಳೆಲ್ಲ ಕಿಟಕಿಗೆ ಬಂದರು. "ಲಡಾಖಿಗೆ ಯಾವಾಗ ಟೀಚರ್?" ಎಂದು ಒಬ್ಬರು ಕೇಳಿದರು. ಏಣಿಯಿಂದ ಇಳಿಯುವ ಹಾಗೆ ಗಾಡಿಯಿಂದ ಇಳಿಯುತ್ತಿದ್ದ ನನಗೆ ನಾಚಿಕೆಯಾಗಿತ್ತು.

ಅದೇ ಗಾಡಿ ಬರಬರುತ್ತ ನನ್ನ ಭಾನುವಾರವಾಯಿತು. ಬೆಳಗಿನ ತಿಂಡಿ ಮುಗಿಸಿ, ಬುತ್ತಿ ಕಟ್ಟಿಕೊಂಡು, "ಎಲ್ಲಿಗೆ ಹೋಗುವ?" ಎಂದು ಇವರು ಕೇಳುವುದು, "ಎಲ್ಲಿಗಾದರೂ ಹೋಗುವ" ಎಂದು ನಾನು ಹೇಳುವುದು. ಮೂಡುಬಿದಿರೆ ದಾಟಿ ಕಾರ್ಕಳದ ಕಡೆಗೆ, ಇಲ್ಲವೇ ಬೆಳ್ತಂಗಡಿ ದಾಟಿ ಘಾಟಿಯ ಬುಡಕ್ಕೆ, ಒಮ್ಮೊಮ್ಮೆ ಬಂಟ್ವಾಳದಲ್ಲಿ ನದಿಯ ದಂಡೆ ಹಿಡಿದು ಸುಮ್ಮನೆ. ಮನೆಯಲ್ಲಿ ನಮ್ಮಿಬ್ಬರ ಮಾತೆಂದರೆ ಕೆಲಸದವರು ಬಂದರೇ, ಪಂಪು ಕೆಟ್ಟಿತೇ, ಗ್ಯಾಸು ಮುಗಿಯಿತೇ ಎನ್ನುವುದು. ಗಾಡಿಯ ಮೇಲೆ ಹೆಲ್ಮೆಟ್ ಹಾಕಿದ ಮನುಷ್ಯ ಬೇರೆಯೇ. ಹಳೆಯ ಕಥೆಗಳನ್ನು ಹೇಳುತ್ತಾರೆ. ಗಾಳಿಯಲ್ಲಿ ಅರ್ಧ ಹಾರಿಹೋಗುತ್ತದೆ, ಅರ್ಧ ನನಗೆ ಸಿಗುತ್ತದೆ. ನಾನು ಇವರ ಬೆನ್ನಿಗೆ ಹೆಲ್ಮೆಟ್ ತಾಗಿಸಿ ಹೂಂ ಎನ್ನುತ್ತೇನೆ. ಇಷ್ಟು ಖುಷಿಯನ್ನು ನಾನು ಆ ವಯಸ್ಸಿನಲ್ಲಿ ಎಣಿಸಿರಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇವರ ಎದುರು ಹೇಳಿರಲಿಲ್ಲ.

ಹಿಂದಿನ ಸೀಟಿನಲ್ಲಿ ಭಾನುವಾರ ನಾನು. ಉಳಿದ ದಿನ ಅಲ್ಲಿ ಹಿಂಡಿಯ ಚೀಲ, ಸಿಮೆಂಟಿನ ಚೀಲ, ಮಳೆಗಾಲದಲ್ಲಿ ಮೈಲುತುತ್ತಿನ ಚೀಲ. ಕೊಳೆರೋಗ ಬಾರದ ಹಾಗೆ ಅಡಿಕೆಗೊನೆಗೆ ಸುಣ್ಣದ ಜೊತೆ ಬೆರೆಸಿ ಬಿಡುವ ನೀಲಿ ಹರಳಿನ ಮದ್ದು ಅದು. ಪ್ರಯೋಗಕ್ಕೆಂದು ಶಾಲೆಗೂ ನಾನು ಅದರಿಂದಲೇ ಸ್ವಲ್ಪ ಕಾಗದದಲ್ಲಿ ಕಟ್ಟಿಕೊಂಡು ಹೋಗುತ್ತೇನೆ.

ನಮ್ಮ ತಿರುಗಾಟಕ್ಕೆ ಒಂದೇ ಕಟ್ಟು. ನಾವು ಜೈನರು, ಮನೆಯಲ್ಲಿ ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಅತ್ತೆ ಈ ವಿಷಯದಲ್ಲಿ ರಾಜಿಯಿಲ್ಲದವರು. ಬಿಸಿಲು ಅಂಗಳದ ತುಳಸಿಕಟ್ಟೆಯಿಂದ ಬಾವಿಯ ಕಡೆಗೆ ಸರಿದದ್ದು ನೋಡಿ ತಟ್ಟೆ ಇಡುತ್ತಾರೆ. ಎಷ್ಟು ದೂರ ಹೋದರೂ ಹೊತ್ತಿರುವಾಗ ಮನೆ ಸೇರುವುದು ನಮಗೆ ರೂಢಿಯಾಗಿತ್ತು. ತಡವಾದರೆ ಬೈಯುವವರಿಲ್ಲ, ಬಡಿಸುವವರೂ ಇಲ್ಲ.

ಆ ವರ್ಷ ಮಳೆ ಬಿಟ್ಟ ಮೇಲೆ ಗಾಡಿ ಹೇಳದೆ ಕೇಳದೆ ನಿಲ್ಲಲು ಶುರುವಾಯಿತು. ಮೊದಲು ನಿಂತದ್ದು ಒಂದು ಭಾನುವಾರ, ವೇಣೂರಿನ ಸೇತುವೆಯ ಮೇಲೆ. ಕೆಮ್ಮಲಿಲ್ಲ, ಸೀನಲಿಲ್ಲ, ಮೀಟರಿನ ದೀಪವೂ ಸೇರಿ ಎಲ್ಲ ಒಮ್ಮೆಲೇ ಆರಿತು. ಇವರು ಇಳಿದು, ಅಲ್ಲಿ ಇಲ್ಲಿ ತಟ್ಟಿ, ಸ್ಟ್ಯಾಂಡ್ ಹಾಕಿ ತೆಗೆದು ಮಾಡಿದಾಗ ತಾನಾಗಿಯೇ ಜೀವ ಬಂತು. ಮತ್ತೊಂದು ಭಾನುವಾರ ಬೆಳ್ತಂಗಡಿ ಪೇಟೆಯ ನಟ್ಟನಡುವೆ, ಹಿಂದೆ ಬಸ್ಸು ಹಾರ್ನ್ ಹೊಡೆಯುವಾಗ. ಮೂಡುಬಿದಿರೆಯ ಗ್ಯಾರೇಜಿಗೆ ಕೊಂಡುಹೋದರು. ಮೆಕ್ಯಾನಿಕ್ ಒಳ್ಳೆಯವ, ಕೆಲಸ ಬಲ್ಲವ. ಪ್ಲಗ್ ಬದಲಿಸಿದ, ಪೆಟ್ರೋಲ್ ಪಂಪು ನೋಡಿದ, ಫ್ಯೂಸುಗಳನ್ನು ತೆಗೆದು ಹಾಕಿದ, ಇಡೀ ದಿನ ತಾನೇ ಓಡಿಸಿಯೂ ನೋಡಿದ. ಅವನ ಕೈಯಲ್ಲಿ ಗಾಡಿ ಒಮ್ಮೆಯೂ ನಿಲ್ಲಲಿಲ್ಲ. "ನನ್ನ ಎದುರು ನಿಂತ್ರೆ ಹಿಡೀಬಹುದಿತ್ತು. ನಿಲ್ಲುದೇ ಇಲ್ಲ ಅಂದ್ರೆ ನಾನು ಎಂತ ಮಾಡುದು?" ಎಂದ. ತರಗತಿಯಲ್ಲಿ ಕಪಿಚೇಷ್ಟೆ ಮಾಡಿ ಹೆಡ್‌ಮಾಸ್ಟರ ಎದುರು ಕೈಕಟ್ಟಿ ನಿಲ್ಲುವ ಮಕ್ಕಳನ್ನು ಕಂಡವಳು ನಾನು. ನನಗೆ ಅದರಲ್ಲಿ ಆಶ್ಚರ್ಯವಾಗಲಿಲ್ಲ.

ಆಮೇಲೆ ಚಾರ್ಮಾಡಿಯ ದಿನ ಬಂತು. ಘಾಟಿಯಲ್ಲಿ ಮೇಲೆ ಹೋಗಿ, ಕಲ್ಲುಬಂಡೆಯ ಮೇಲೆ ಬುತ್ತಿ ಬಿಚ್ಚಿ ತಿಂದು, ಸಾಕಷ್ಟು ಹೊತ್ತಿರುವಾಗಲೇ ಇಳಿಯಲು ಹೊರಟೆವು. ಒಂದು ತಿರುವಿನಲ್ಲಿ ಗಾಡಿ ನಿಂತಿತು. ಇವರು ತಟ್ಟಿದರು, ಕುಲುಕಿಸಿದರು, ಬ್ಯಾಟರಿಯ ಎರಡು ತುದಿಗಳನ್ನು ಬಿಚ್ಚಿ ಒರೆಸಿ ಕಟ್ಟಿದರು. ಜೀವ ಬಂತು, ಇನ್ನೊಂದು ತಿರುವಿಗೆ ಹೋಯಿತು. ಹೀಗೆ ನಿಲ್ಲುತ್ತ ಹೊರಡುತ್ತ ಘಾಟಿ ಇಳಿಯುವಷ್ಟರಲ್ಲಿ ಸೂರ್ಯ ನಮಗಿಂತ ಮೊದಲೇ ಇಳಿದಿದ್ದ. ಮನೆ ತಲುಪಿದಾಗ ಅಡುಗೆಮನೆ ತೊಳೆದು ಒಣಗಿತ್ತು. ಅತ್ತೆ ಕುದಿಸಿದ ನೀರಿನ ಚೊಂಬು ಎದುರಿಗಿಟ್ಟು ಒಳಗೆ ಹೋದರು. ಆ ನೀರು ಕುಡಿದದ್ದೇ ನನ್ನ ಹಸಿವು ಇಮ್ಮಡಿಯಾಯಿತು. ನನಗೆ ಹಸಿವಾದರೆ ತಲೆ ಕೆಡುತ್ತದೆ.

"ಮಾರಿಬಿಡಿ ಇದನ್ನು" ಎಂದೆ. "ನನಗೆ ಸಾಕಾಯ್ತು."

ಇವರು ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದರು. "ಹೌದಾ?" ಎಂದರು.

"ಹೌದು."

ಅಲ್ಲಿಗೆ ಮುಗಿಯಿತೆಂದುಕೊಂಡೆ. ಬೆಳಿಗ್ಗೆ ನೀರುದೋಸೆ ಹೊಟ್ಟೆಗೆ ಬಿದ್ದ ಮೇಲೆ ಚಾರ್ಮಾಡಿಯ ಮಂಜು ಎಷ್ಟು ಚಂದ ಇತ್ತು ಎಂದು ನಾನೇ ಅತ್ತೆಯ ಹತ್ತಿರ ಹೇಳುತ್ತಿದ್ದೆ. ಕೆಲವು ದಿನಗಳ ಮೇಲೆ ಇವರು ಪೇಟೆಯಿಂದ ಬಂದು, ಚಪ್ಪಲಿ ಬಿಡುತ್ತ, "ಭಾನುವಾರ ಕನ್ಯಾನದವರು ಒಬ್ರು ಗಾಡಿ ನೋಡ್ಲಿಕ್ಕೆ ಬರ್ತಾರಂತೆ" ಎಂದರು.

"ಯಾವ ಗಾಡಿ?"

"ನಮ್ದೇ. ನೀನು ಹೇಳಿದ್ಯಲ್ಲ, ಮಾರ್ಲಿಕ್ಕೆ."

ತೊಂಡೆಯ ಚಪ್ಪರ ಕಣ್ಣ ಮುಂದೆ ಬಂತು. ಆಗಲೇ, ಅಲ್ಲಿಯೇ, ಬೇಡ ಎಂದಿದ್ದರೆ ಈ ಕಥೆ ಇಲ್ಲ. ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದೆಂದರೆ ನನಗೆ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ. ಅಲ್ಲದೆ ಇವರ ಮುಖದಲ್ಲಿ ಬೇಸರವೂ ಕಾಣಲಿಲ್ಲ. ಬಹುಶಃ ಇವರಿಗೇ ಸಾಕಾಗಿರಬೇಕು, ಈ ವಯಸ್ಸಿನಲ್ಲಿ ನಡುದಾರಿಯಲ್ಲಿ ಗಾಡಿ ತಳ್ಳುವುದು ಯಾರಿಗೆ ಬೇಕು ಎಂದುಕೊಂಡೆ. ನನ್ನ ಭಾನುವಾರ ಹೋಯಿತಲ್ಲ ಎಂದು ಮನಸ್ಸು ಮುದುಡಿತು. ಬಾಯಿಯಿಂದ ಬಂದದ್ದು "ಒಳ್ಳೇದಾಯ್ತು" ಎಂಬ ಮಾತು.

"ಆದ್ರೆ ದಾರಿಯಲ್ಲಿ ನಿಲ್ಲುವ ಗಾಡಿಯನ್ನು ಇನ್ನೊಬ್ರ ತಲೆಗೆ ಕಟ್ಲಿಕ್ಕೆ ಆಗುದಿಲ್ಲ" ಎಂದರು ಇವರು. "ಶನಿವಾರ ಪೂರ್ತಿ ಬಿಚ್ಚಿ ಸರ್ವಿಸ್ ಮಾಡ್ತೇನೆ. ಎಂತ ಆದದ್ದು ಅಂತ ಸಿಕ್ಕಿದ್ರೆ ಕೊಡುದು. ಸಿಕ್ಕದಿದ್ರೆ ಬರ್ಬೇಡಿ ಅಂತ ಫೋನ್ ಮಾಡ್ತೇನೆ."

ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಬಸ್ಸಿನಿಂದ ಇಳಿದು ಬಂದರೆ ಅಂಗಳದಲ್ಲಿ ಹಳೆಯ ಪಂಚೆ ಹಾಸಿತ್ತು, ಗೆರಟೆಗಳ ಸಾಲು ಆಗಲೇ ಬಾವಿಕಟ್ಟೆಯ ಕಡೆಗೆ ಬೆಳೆದಿತ್ತು. ಇವರು ಕೆಲಸಕ್ಕೆ ಕೂರುವ ಮೊದಲು ನೆಲ ನೋಡುತ್ತಾರೆ. ಇರುವೆಯ ಸಾಲು ಹೋಗುತ್ತಿದ್ದರೆ ಗಾಡಿಯನ್ನೇ ಆಚೆ ಸರಿಸುತ್ತಾರೆ. ಒಂದು ವರ್ಷ ಕಣಜದ ಹುಳವೊಂದು ಸೈಲೆನ್ಸರಿನ ಹತ್ತಿರ ಮಣ್ಣಿನ ಗೂಡು ಕಟ್ಟಿತ್ತೆಂದು, ಅದು ಬಿಟ್ಟು ಹೋಗುವವರೆಗೆ ನಾವು ಬಸ್ಸಿನಲ್ಲಿ ತಿರುಗಿದ್ದೆವು. ನಾನು ಸೀರೆ ಬದಲಿಸಿ ಬಂದು ಪಕ್ಕದಲ್ಲಿ ಮಣೆ ಹಾಕಿಕೊಂಡೆ. ಸ್ಪಾನರ್ ಕೊಡುವುದು, ಟಾರ್ಚ್ ಹಿಡಿಯುವುದು ನನ್ನ ಕೆಲಸ. ಹದಿನಾಲ್ಕು ಕೊಡು ಎಂದರೆ ಈಗ ನೋಡದೆ ಕೊಡುತ್ತೇನೆ.

ಟ್ಯಾಪೆಟ್, ಅಂದರೆ ಇಂಜಿನಿನ ವಾಲ್ವಿನ ಮೇಲಿನ ಸಂದು, ನೋಡುವುದಾದರೆ ಇಂಜಿನ್ ತಣ್ಣಗಿರಬೇಕು, ಆಯಿಲ್ ತೆಗೆಯುವುದಾದರೆ ಬೆಚ್ಚಗಿರಬೇಕು. ಹಾಗಾಗಿ ಮೊದಲು ಟ್ಯಾಪೆಟ್. ಕಾಗದಕ್ಕಿಂತ ತೆಳುವಾದ ತಗಡನ್ನು ಆ ಸಂದಿನಲ್ಲಿ ತೂರಿಸಿ ಎಳೆಯುವಾಗ ಇವರು ಕಣ್ಣು ಮುಚ್ಚುತ್ತಾರೆ. ತಗಡು ಬಿಗಿಯಾಗಿಯೂ ಬರಬಾರದು, ಸಡಿಲವಾಗಿಯೂ ಬರಬಾರದು. "ನೋಡು" ಎಂದು ನನ್ನ ಕೈಗೂ ಕೊಟ್ಟರು. ಬೆಣ್ಣೆಯಿಂದ ಚೂರಿ ಎಳೆದ ಹಾಗಿತ್ತು. ಸರಿಯುಂಟು ಎಂದೆ. ಆಮೇಲೆ ಇಂಜಿನ್ ಸ್ವಲ್ಪ ಹೊತ್ತು ಓಡಿಸಿ ಕಪ್ಪಾದ ಆಯಿಲನ್ನು ಡಬ್ಬಿಗೆ ಇಳಿಸಿದರು, ಫಿಲ್ಟರು ಬದಲಿಸಿ ಹೊಸ ಆಯಿಲ್ ಹೊಯ್ದರು. ಚೈನನ್ನು ಸೀಮೆಎಣ್ಣೆಯಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ಒರೆಸಿ, ಬೆರಳಲ್ಲಿ ಎತ್ತಿ ನೋಡಿ ಬಿಗಿ ಮಾಡಿದರು. ಏರ್ ಫಿಲ್ಟರಿನಿಂದ ಘಾಟಿಯ ಧೂಳೆಲ್ಲ ಉದುರಿತು. ಬ್ರೇಕು, ಕೇಬಲ್ಲು, ಚಕ್ರದ ಕಡ್ಡಿಗಳು, ಒಂದೊಂದನ್ನೂ ತಟ್ಟಿ ನೋಡಿದರು. ಎಲ್ಲವೂ ಸರಿಯಾಗಿತ್ತು. ಗಾಡಿಯನ್ನು ನಿಲ್ಲಿಸುತ್ತಿದ್ದುದು ಮಾತ್ರ ಎಲ್ಲಿಯೂ ಸಿಗಲಿಲ್ಲ.

ಮಾರುವ ಗಾಡಿಯನ್ನು ಯಾರಾದರೂ ಇಷ್ಟು ಪ್ರೀತಿಯಿಂದ ಒರೆಸುತ್ತಾರೆಯೇ ಎಂದು ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸಿಗದಿರಲಿ ದೇವರೇ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಟಾರ್ಚ್ ಹಿಡಿದೆ.

ಬಿಸಿಲು ಬಾವಿಯ ಕಡೆಗೆ ಸರಿಯುವ ಹೊತ್ತಿಗೆ ಇವರು ಕೀ ತಿರುಗಿಸಿ ಮೀಟರಿನ ದೀಪ ಬರುತ್ತದೆಯೇ ನೋಡಿದರು. ಬಂತು. ಹಾಗೆಯೇ ಬಿಟ್ಟು, ಕೈ ತೊಳೆಯಲು ಬಚ್ಚಲಿಗೆ ಹೋದರು. ಸೀಟು ಇನ್ನೂ ಹಾಕಿರಲಿಲ್ಲ. ಕ್ಯಾರಿಯರಿನ ಪಟ್ಟಿಯ ಅಡಿಯಲ್ಲಿ, ಯಾರ ಕೈಯೂ ಹೋಗದ ಮೂಲೆಯಲ್ಲಿ ಕೊಳೆ ಕಂಡಿತು. ನಾನು ಬಟ್ಟೆಯ ತುದಿ ತೂರಿಸಿ ಒರೆಸಿದೆ. ಬಟ್ಟೆ ಒಂದು ಕಪ್ಪು ವಯರಿಗೆ ಸಿಕ್ಕಿಕೊಂಡಿತು. ಮೀಟರಿನ ದೀಪ ಆರಿತು. ಬಟ್ಟೆ ಬಿಡಿಸಿದೆ, ದೀಪ ಬಂತು. ಇನ್ನೊಮ್ಮೆ ವಯರನ್ನು ಬೆರಳಲ್ಲಿ ಅಲ್ಲಾಡಿಸಿದೆ. ಆರಿತು, ಬಂತು.

ಟಾರ್ಚ್ ಹಿಡಿದು ಬಗ್ಗಿದೆ. ಬ್ಯಾಟರಿಯಿಂದ ಹೊರಟು ಗಾಡಿಯ ಮೈಗೆ ಬೋಲ್ಟಿನಿಂದ ಕಟ್ಟಿದ ಅರ್ತ್ ವಯರು ಅದು; ಸಡಿಲವಾದರೆ ಇಡೀ ಗಾಡಿಗೆ ಕರೆಂಟಿಲ್ಲ. ಬ್ಯಾಟರಿಯ ಕಡೆಯ ತುದಿಯನ್ನು ಎಲ್ಲರೂ ಒರೆಸಿದ್ದರು, ಈ ತುದಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೋಲ್ಟಿನ ಸುತ್ತ ನೀಲಿ ಹಸಿರು ಹುಡಿ ಕಟ್ಟಿತ್ತು. ಬೋಲ್ಟಿನ ತಲೆ ಕೆಂಪಾಗಿತ್ತು. ತುಕ್ಕು ಎಂದುಕೊಂಡು ಉಗುರಿನಿಂದ ಕೆರೆದೆ. ತುಕ್ಕಾದರೆ ಉದುರಬೇಕು. ಇದು ಉದುರಲಿಲ್ಲ, ಹೊಳೆಯಿತು. ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬಿನ ಬಣ್ಣ. ಕಬ್ಬಿಣದ ಬೋಲ್ಟಿಗೆ ತಾಮ್ರ ಹತ್ತಿತ್ತು.

ನನಗೆ ನಗು ಬಂತು. ಪ್ರತಿ ವರ್ಷ ಹತ್ತನೆಯ ತರಗತಿಯಲ್ಲಿ ನಾನು ಮಾಡಿ ತೋರಿಸುವ ಪ್ರಯೋಗ ಅದು. ಗಾಜಿನ ನಳಿಗೆಯಲ್ಲಿ ಮೈಲುತುತ್ತಿನ ನೀರು, ಅದರಲ್ಲಿ ನೂಲು ಕಟ್ಟಿ ಇಳಿಬಿಟ್ಟ ಕಬ್ಬಿಣದ ಮೊಳೆ. ಮೊಳೆ ಕೆಂಪಾಗುತ್ತದೆ, ಮಕ್ಕಳು ಓ ಎನ್ನುತ್ತಾರೆ. ಇಲ್ಲಿ ಅದೇ ಪ್ರಯೋಗ ಮಳೆಗಾಲವಿಡೀ ನನ್ನ ಸೀಟಿನ ಅಡಿಯಲ್ಲಿ ನಡೆದಿತ್ತು. ಅಂಗಡಿಯಿಂದ ಇವರು ಮೈಲುತುತ್ತಿನ ಚೀಲ ತಂದದ್ದು ಎಲ್ಲಿಟ್ಟು? ನನ್ನ ಸೀಟಿನ ಮೇಲಿಟ್ಟು. ಮಳೆ ಹನಿಸಿದಾಗಲೆಲ್ಲ ಆ ನೀಲಿ ನೀರು ಸೀಟಿನ ಸಂದಿಯಿಂದ ಇಳಿದು ಇದೇ ಬೋಲ್ಟಿನ ಮೇಲೆ ತೊಟ್ಟಿಕ್ಕಿದೆ. ಅಡಿಕೆಯನ್ನು ಉಳಿಸಿದ ಮದ್ದು ಗಾಡಿಯನ್ನು ತಿಂದಿತ್ತು. ಮೂಡುಬಿದಿರೆಯ ಮೆಕ್ಯಾನಿಕ್ಕನ ಕೈಯಲ್ಲಿ ಗಾಡಿ ಯಾಕೆ ನಿಲ್ಲಲಿಲ್ಲ ಎಂಬುದೂ ಹೊಳೆಯಿತು. ಅವನು ಒಬ್ಬನೇ ಓಡಿಸಿದ್ದ. ಹಿಂದೆ ನಾನು ಕೂತರಲ್ಲವೇ ಸೀಟು ಅದುಮಿ ಆ ವಯರು ಅಲುಗುವುದು.

ಕಂಡುಹಿಡಿದ ಖುಷಿಯಲ್ಲಿ ಕೂಗಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ. ಸಿಕ್ಕಿದರೆ ಕೊಡುವುದು ಎಂದಿದ್ದರಲ್ಲ. ಈಗ ಸಿಕ್ಕಿತು, ಹೇಳಿದರೆ ನಾಳೆ ಗಾಡಿ ಕನ್ಯಾನಕ್ಕೆ ಹೋಗುತ್ತದೆ. ಹೇಳದಿದ್ದರೆ ಇಲ್ಲಿಯೇ ಉಳಿಯುತ್ತದೆ. ಕನ್ಯಾನದವರ ಸುದ್ದಿ ತಣ್ಣಗಾದ ಮೇಲೆ ಒಂದು ದಿನ, ಅರೆ ಇಲ್ಲಿ ನೋಡಿ ಎಂದು, ಆಗಷ್ಟೇ ಕಂಡವಳ ಹಾಗೆ ಮಾಡಿದರಾಯಿತು. ಮಕ್ಕಳಿಗೆ ಸುಳ್ಳು ಹೇಳಬೇಡಿ ಎನ್ನುವ ಟೀಚರು ನಾನು. ಇದು ಸುಳ್ಳಲ್ಲ, ಸುಮ್ಮನಿರುವುದು ಅಷ್ಟೇ ಎಂದು ನನಗೆ ನಾನೇ ಪಾಠ ಮಾಡಿಕೊಂಡೆ. ಬಟ್ಟೆ ಮಡಚಿ ಮಣೆಯ ಮೇಲೆ ಕೂತೆ.

ಇವರು ಕೈ ಒರೆಸುತ್ತ ಬಂದರು. ಗೆರಟೆಗಳ ಸಾಲಿನ ಎದುರು ನಿಂತು ಗಾಡಿಯನ್ನು ನೋಡಿದರು. ಎಲ್ಲ ಮಾಡಿ ಮುಗಿಸಿದ ಮೇಲೂ ಉತ್ತರ ಬಾರದ ಲೆಕ್ಕದ ಎದುರು ಕೂತ ಹುಡುಗನ ಮುಖ ಅದು. ನಾನು ಆ ಮುಖವನ್ನು ದಿನಾ ನೋಡುತ್ತೇನೆ, ದಿನಾ ಸೋಲುತ್ತೇನೆ.

"ಇಲ್ಲ ಮಾರಾಯ್ತಿ" ಎಂದರು. "ನನ್ನ ಕೈಯಲ್ಲಿ ಆಗ್ಲಿಲ್ಲ. ಇಷ್ಟು ವರ್ಷದಿಂದ ಬಿಚ್ಚಿ ಕಟ್ಟಿ ಮಾಡ್ತೇನೆ, ಇದ್ರಲ್ಲಿ ಎಂತ ಆಗಿದೆ ಅಂತ ನನಗೆ ಗೊತ್ತಾಗ್ಲಿಲ್ಲ." ಅಂಗಿಯ ಕಿಸೆಯಿಂದ ಫೋನು ತೆಗೆದರು. "ಅವ್ರಿಗೆ ಬರ್ಬೇಡಿ ಅಂತ ಹೇಳ್ತೇನೆ."

ಹತ್ತು ಕ್ಷಣ ಸುಮ್ಮನಿದ್ದರೆ ಗೆದ್ದಿದ್ದೆ. ಆದರೆ ಇವರು ಫೋನಿನಲ್ಲಿ ಹೆಸರು ಹುಡುಕುವ ಬದಲು ಗಾಡಿಯ ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತುಬಿಟ್ಟರು. ನನ್ನಿಂದ ನೋಡಲಾಗಲಿಲ್ಲ.

"ಫೋನ್ ಒಳಗಿಡಿ. ಇಲ್ಲಿ ಬನ್ನಿ" ಎಂದೆ.

ವಯರು ಅಲ್ಲಾಡಿಸಿ ತೋರಿಸಿದೆ. ದೀಪ ಆರಿತು, ಬಂತು. ಇವರು ಕೂತುಬಿಟ್ಟರು. ಬೋಲ್ಟಿನ ಕೆಂಪು ತೋರಿಸಿ, ಮೊಳೆಯ ಪ್ರಯೋಗ ಹೇಳಿ, ಚೀಲ ಇಟ್ಟದ್ದು ಎಲ್ಲಿ ಎಂದು ಕೇಳಿದೆ. ಇವರು ಸೀಟು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬೋಲ್ಟು ನೋಡಿದರು. ಆಮೇಲೆ ನಕ್ಕದ್ದು ಹೇಗೆಂದರೆ ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದರು. ನಾನೂ ನಕ್ಕೆ. ನಗುತ್ತಿದ್ದ ಹಾಗೆಯೇ ನಾಳೆಯ ನೆನಪು ಬಂತು. ಗಾಡಿ ಸರಿಯಾಯಿತು ಎಂದರೆ ಗಾಡಿ ಹೋಯಿತು ಎಂದರ್ಥ.

ಇವರು ಬೋಲ್ಟು ಬಿಚ್ಚಿ ಬಿಸಾಡಲಿಲ್ಲ, ಒಂದು ಗೆರಟೆಗೆ ಹಾಕಿ ಕಿಟಕಿಯ ಮೇಲಿಟ್ಟರು. ವಯರಿನ ತುದಿಯನ್ನೂ ಅದು ಕೂರುವ ಜಾಗವನ್ನೂ ಉಪ್ಪುಕಾಗದದಲ್ಲಿ ಬಿಳಿಯಾಗುವವರೆಗೆ ತಿಕ್ಕಿದರು. ಹೊಸ ಬೋಲ್ಟು ಬಿಗಿದು ಮೇಲೆ ಗ್ರೀಸ್ ಸವರಿದರು. ಸೀಟು ಇಟ್ಟು ನನ್ನನ್ನು ಹಿಂದೆ ಕೂರಿಸಿ, ಮೇಲೆ ಕೆಳಗೆ ಕುಲುಕು ಎಂದರು. ಕುಲುಕಿದೆ. ದೀಪ ಆರಲಿಲ್ಲ. ಬಲದಿಂದ ಎಡಕ್ಕೆ ಗೆರಟೆಗಳು ಒಂದೊಂದಾಗಿ ಖಾಲಿಯಾದವು. ಹೊತ್ತು ಮುಳುಗುವ ಮೊದಲು ಮೂವರೂ ಊಟಕ್ಕೆ ಕೂತೆವು. ಇವರು ಎರಡು ಸಲ ಅನ್ನ ಹಾಕಿಸಿಕೊಂಡರು. ನಾನು ಮೊದಲಿನ ಅನ್ನವನ್ನೇ ಕಲಸುತ್ತ ಕೂತಿದ್ದೆ.

ಭಾನುವಾರ ಕನ್ಯಾನದವರು ವಿಟ್ಲ, ಬಿ.ಸಿ. ರೋಡು ಎಂದು ಬಸ್ಸು ಬದಲಿಸಿಕೊಂಡು ಬಂದರು. ಮೂವತ್ತೈದರ ಆಸುಪಾಸಿನ ಗಂಭೀರ ಮನುಷ್ಯ, ರಬ್ಬರ್ ತೋಟ ಇದೆಯಂತೆ. ಇವರು ನಿಂತುಹೋಗುತ್ತಿದ್ದುದನ್ನೂ ಅದರ ಕಾರಣವನ್ನೂ ಮುಚ್ಚಿಡದೆ ಹೇಳಿದರು, ಗೆರಟೆಯಲ್ಲಿದ್ದ ಕೆಂಪು ಬೋಲ್ಟನ್ನೂ ತೋರಿಸಿದರು. "ಇವಳು ಹಿಡಿದದ್ದು" ಎಂದು ನನ್ನ ಕಡೆಗೆ ಕೈ ಮಾಡಿದರು. ಆ ಮನುಷ್ಯ ಗಾಡಿ ಹತ್ತಿ ವೇಣೂರಿನವರೆಗೆ ಹೋಗಿ ಬಂದ. ಬರುವಾಗ ಮುಖ ಅರಳಿತ್ತು. ಇಂಜಿನಿನ ಶಬ್ದ ಕೇಳಿದರೆ ಸಾಕು, ಹೇಗೆ ಇಟ್ಟುಕೊಂಡಿದ್ದೀರಿ ಅಂತ ಗೊತ್ತಾಗುತ್ತದೆ ಎಂದ. ಇವರು ತಲೆ ತಗ್ಗಿಸಿ ನಕ್ಕರು. ನಾನು ಬಾಗಿಲ ಹತ್ತಿರ ನಿಂತು ಹಲ್ಲು ಕಚ್ಚಿಕೊಂಡು ಮಜ್ಜಿಗೆಯ ಲೋಟ ಹಿಡಿದಿದ್ದೆ.

ಆತ ಗಾಡಿಯನ್ನು ಒಂದು ಸುತ್ತು ಬಂದು ಹಿಂದಿನ ಸೀಟಿನ ಮೇಲೆ ಅಂಗೈ ಊರಿದ. "ಇದೊಂದು ತೆಗ್ದು ಕ್ಯಾರಿಯರ್ ಉದ್ದ ಮಾಡಿಸಿದ್ರೆ ಆಯ್ತು" ಎಂದ. "ರಬ್ಬರ್ ಶೀಟು ಹೇರ್ಲಿಕ್ಕೆ. ನನಗೆ ಹಿಂದೆ ಕೂರುವವರು ಯಾರೂ ಇಲ್ಲ. ತೆಗೀಬಹುದಲ್ವಾ ಅಣ್ಣ?"

ಇವರು ಸೀಟಿನ ಮೇಲಿದ್ದ ಆ ಕೈಯನ್ನೇ ನೋಡುತ್ತಿದ್ದರು.

"ಅದು ನನ್ನ ಸೀಟು" ಎಂದೆ.

ಇಬ್ಬರೂ ತಿರುಗಿದರು. ಮಜ್ಜಿಗೆ ನನ್ನ ಕೈ ಮೇಲೆ ತುಳುಕಿತ್ತು. ಗಂಟಲಿನ ಮುಳ್ಳು ಆಗ ಹೊರಗೆ ಬಂತು. "ಗಾಡಿ ಮಾರ್ಲಿಕ್ಕೆ ಇಲ್ಲ. ನಿಮ್ಮನ್ನು ಸುಮ್ಮನೆ ಅಲೆಸಿದ ಹಾಗಾಯ್ತು, ತಪ್ಪು ತಿಳ್ಕೊಳ್ಬೇಡಿ. ಅವತ್ತು ನನಗೆ ಹಸಿವಾಗಿತ್ತು, ಹಾಗೆ ಹೇಳಿದ್ದು. ಅದ್ರಲ್ಲಿ ಹಿಂದೆ ಕೂತು ಹೋಗ್ಲಿಕ್ಕೆ ನನಗೆ ಇಷ್ಟ."

ಕೊನೆಯ ಮಾತನ್ನು ನಾನು ಕನ್ಯಾನದವರ ಮುಖ ನೋಡಿ ಹೇಳಿದೆ. ಇವರ ಮುಖ ನೋಡಿ ಹೇಳಲು ಆಗಲಿಲ್ಲ.

ಆತ ಮೆಲ್ಲಗೆ ನಕ್ಕ. "ಅಕ್ಕ, ಫೋನಲ್ಲಿ ಹೇಳ್ತಿದ್ರೆ ನನಗೆ ಅಷ್ಟು ಬಸ್ಸು ಹತ್ಲಿಕ್ಕೆ ಇರ್ಲಿಲ್ಲ" ಎಂದ. ಅತ್ತೆ ಒಳಗಿನಿಂದ ಬಂದು, "ಊಟ ಮಾಡದೆ ಹೋಗ್ಲಿಕ್ಕಿಲ್ಲ" ಎಂದರು. ಮಗನ ಕಡೆ ತಿರುಗಿ, "ಇವಳು ಹಸಿವಲ್ಲಿ ಹೇಳಿದ್ದನ್ನೆಲ್ಲ ನಂಬ್ತೀಯಲ್ಲ, ನಿನಗೆ ಬುದ್ಧಿ ಉಂಟಾ?" ಎಂದು ಕೇಳಿದರು. ಆ ದಿನ ಸೌತೆಕಾಯಿ ಹುಳಿ, ಹಲಸಿನ ಹಪ್ಪಳ. ಆತ ಬೇಸರವಿಲ್ಲದೆ ಉಂಡು, ಚೈನಿಗೆ ಯಾವ ಎಣ್ಣೆ ಹಾಕುತ್ತೀರಿ ಎಂದು ಇವರ ಹತ್ತಿರ ಕೇಳಿಕೊಂಡು ಬಸ್ಸಿಗೆ ಹೋದ.

ಅವನು ಹೋದ ಮೇಲೆ ನಾನು ಇವರ ಹಿಂದೆಯೇ ಅಂಗಳಕ್ಕೆ ಇಳಿದೆ. ಒಂದು ಪ್ರಶ್ನೆ ಕೇಳದಿದ್ದರೆ ನನಗೆ ಸಮಾಧಾನವಿರಲಿಲ್ಲ.

"ನಾನು ಬಾಯಿ ಬಿಡದೆ ಇದ್ದಿದ್ರೆ ಕೊಡ್ತಿದ್ರಾ?"

"ಕೊಡ್ತಿದ್ದೆ. ನೀನು ಹೇಳಿದ್ಯಲ್ಲ."

"ಮತ್ತೆ ಭಾನುವಾರ ನೀವು ಎಂತ ಮಾಡ್ತಿದ್ರಿ?"

ಇವರು ಟ್ಯಾಂಕಿನ ಮೇಲೆ ಇಲ್ಲದ ಕೊಳೆಯನ್ನು ಒರೆಸಿದರು. "ಅದೇ ನಿನ್ನೆಯಿಂದ ಯೋಚ್ನೆ ಮಾಡ್ತಿದ್ದೆ" ಎಂದರು. "ನನಗೆ ಎಂತದೂ ಗೊತ್ತಾಗ್ಲಿಲ್ಲ."

ನನಗೆ ಕಣ್ಣು ತುಂಬಿತು. ಜೊತೆಗೆ ಸಿಟ್ಟೂ ಬಂತು. ಒಂದು ಮಾತು ಬೇಡ ಅನ್ನಬಾರದಿತ್ತೇ ಈ ಮನುಷ್ಯ? ಅನ್ನುವುದಿಲ್ಲ. ನಾನು ಬೇಡ ಅಂದರೆ ಬೇಡ, ಬೇಕು ಅಂದರೆ ಬೇಕು, ಇವರಿಗೆ ಅಷ್ಟೇ. ಇನ್ನು ಮಾತಾಡುವಾಗ ಸ್ವಲ್ಪ ನೋಡಿ ಆಡಬೇಕು ಎಂದುಕೊಂಡೆ. ಅದನ್ನು ಇನ್ನೂ ಪೂರ್ತಿ ಕಲಿತಿಲ್ಲ, ಆದರೆ ಬೇಕಾದದ್ದನ್ನು ಬೇಕು ಎನ್ನಲು ಕಲಿತಿದ್ದೇನೆ. ಮೊದಲು ಕೇಳಿದ್ದು ತೊಂಡೆಯ ಚಪ್ಪರ. ಮರುದಿನವೇ ಗೂಟ ನೆಟ್ಟರು.

ಹೊತ್ತು ಇನ್ನೂ ಬೇಕಾದಷ್ಟಿತ್ತು. "ಎಲ್ಲಿಗೆ ಹೋಗುವ?" ಎಂದು ಇವರು ಹೆಲ್ಮೆಟ್ ತಂದರು. ಎಲ್ಲಿಗಾದರೂ ಎಂದೆ. ಬಂಟ್ವಾಳದವರೆಗೆ ಹೋಗಿ, ನದಿಯ ದಂಡೆಯಲ್ಲಿ ಕೂತು, ಹೊತ್ತಿರುವಾಗಲೇ ಮನೆಗೆ ಬಂದು ಉಂಡೆವು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ.

ಈಗಲೂ ಮಳೆಗಾಲ ಬಂದರೆ ಹಿಂಡಿ, ಸಿಮೆಂಟು ಎಲ್ಲ ಬೈಕಿನಲ್ಲೇ ಬರುತ್ತದೆ. ಮೈಲುತುತ್ತು ಮಾತ್ರ ರಿಕ್ಷಾದಲ್ಲಿ ಬರುತ್ತದೆ, ಇವರು ಬೈಕಿನಲ್ಲಿ ಅದರ ಹಿಂದೆ ಬರುತ್ತಾರೆ, ನನ್ನ ಸೀಟು ಖಾಲಿ ಇಟ್ಟುಕೊಂಡು.